ಹಳೆಯ ವ್ಯಾನಿಗೂ ರೋಗಲಕ್ಷಣಗಳಿವೆ



ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಕರುಗಳ ಭೇದಿ ಎಂದು ಬರೆಯಬೇಕಾದ ಪಶುವೈದ್ಯರು ಈ ಸಲ ವ್ಯಾನಿನ ವಿಷಯ ಹಿಡಿದಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ. ತೋಟದ ಮನೆಗಳಿಂದ ಸಂಘಕ್ಕೆ ಹಾಲು ತರಲು, ಪಶು ಆಹಾರದ ಚೀಲ ಮತ್ತು ಹಸಿ ಮೇವು ಸಾಗಿಸಲು ನಮ್ಮ ಅನೇಕ ಸದಸ್ಯೆಯರು ಹಳೆಯ ಮಾರುತಿ ಓಮ್ನಿ ಕೊಂಡಿದ್ದಾರೆ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆ. ಹಾಗಾಗಿ ಈಗ ಕೈಗೆ ಸಿಗುವುದೆಲ್ಲ ಹಳೆಯ ಗಾಡಿಯೇ. ಹಸು ನೋಡಲು ಹೋದ ಮನೆಯಲ್ಲಿ ವ್ಯಾನಿನ ದೂರನ್ನೂ ಕೇಳಿ ಕೇಳಿ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಹಸುವಿನ ಮುಂದೆ ನೀವು ತೋರುವ ಜಾಣ್ಮೆಯನ್ನು ವ್ಯಾನಿನ ಮುಂದೆ ತೋರುವುದಿಲ್ಲ.

ನನಗೆ ಫೋನ್ ಮಾಡುವವರಲ್ಲಿ ಎರಡು ಬಗೆ. ಕೆಲವರು "ಡಾಕ್ಟ್ರೇ, ಬಂದು ಒಂದು ಕ್ಯಾಲ್ಸಿಯಂ ಬಾಟಲಿ ಹಾಕಿಬಿಡಿ" ಎನ್ನುತ್ತಾರೆ. ಇನ್ನು ಕೆಲವರು "ಕರು ಹಾಕಿ ಎರಡು ದಿನ ಆಯ್ತು, ಬೆಳಿಗ್ಗೆಯಿಂದ ಎದ್ದಿಲ್ಲ, ಕಿವಿ ತಣ್ಣಗಿದೆ, ಕತ್ತು ಹೊಟ್ಟೆ ಕಡೆ ತಿರುಗಿಸಿಕೊಂಡು ಮಲಗಿದೆ" ಎನ್ನುತ್ತಾರೆ. ಎರಡನೆಯವರ ಮಾತು ಕೇಳಿದ ಕೂಡಲೇ ಅದು ಹಾಲು ಜ್ವರ ಇರಬೇಕೆಂದು ದಾರಿಯಲ್ಲೇ ನನಗೆ ಅಂದಾಜು ಸಿಕ್ಕಿರುತ್ತದೆ. ಗ್ಯಾರೇಜಿನಲ್ಲೂ ಹೀಗೆಯೇ ಮಾತನಾಡಬೇಕು. "ರೇಡಿಯೇಟರ್ ಹೋಗಿರಬೇಕು, ನೋಡಪ್ಪಾ" ಎಂದರೆ ಮೆಕ್ಯಾನಿಕ್ ರೇಡಿಯೇಟರ್ ಬದಲಿಸುತ್ತಾನೆ, ಬಿಲ್ಲೂ ಕೊಡುತ್ತಾನೆ. ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. ಯಾವಾಗ, ಎಷ್ಟು ದೂರ ಓಡಿದ ಮೇಲೆ, ಭಾರ ಇದ್ದಾಗಲೋ ಖಾಲಿ ಇದ್ದಾಗಲೋ ಎಂಬುದನ್ನು ಹೇಳಿ.

ಬಿಸಿಯಾಗುವ ಕಾಯಿಲೆಯನ್ನೇ ತೆಗೆದುಕೊಳ್ಳಿ, ಹಳೆಯ ಓಮ್ನಿಯಲ್ಲಿ ಹೆಚ್ಚು ಕೇಳಿಬರುವ ದೂರು ಇದು. ಈ ವ್ಯಾನಿನ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಅದನ್ನು ತಂಪು ಮಾಡುವ ರೇಡಿಯೇಟರ್ ಇರುವುದು ಮುಂಭಾಗದಲ್ಲಿ. ಟೆಂಪರೇಚರ್ ಮುಳ್ಳು ಯಾವಾಗ ಮೇಲೇರುತ್ತದೆ ಎಂದು ಒಂದು ವಾರ ಗಮನಿಸಿ. ಕ್ಯಾನ್ ಇಳಿಸುವಾಗ, ಸಂತೆಯ ಜನಸಂದಣಿಯಲ್ಲಿ ನಿಂತಾಗ ಏರಿ, ರಸ್ತೆಯಲ್ಲಿ ಓಡಿದಾಗ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ, ನಿಂತಾಗ ಆ ಕೆಲಸವನ್ನು ಫ್ಯಾನು ಮಾಡಬೇಕು. ಫ್ಯಾನಿನ ಸ್ವಿಚ್, ಫ್ಯೂಸ್ ಅಥವಾ ವೈರ್ ಕೆಟ್ಟಿದ್ದರೆ ಖರ್ಚು ಸಣ್ಣದು. ಭಾರ ಹೊತ್ತು ಏರು ಹತ್ತುವಾಗ, ವೇಗವಾಗಿ ಓಡುವಾಗಲೇ ಬಿಸಿಯಾದರೆ ಕಟ್ಟಿಕೊಂಡ ರೇಡಿಯೇಟರ್, ಕಡಿಮೆಯಾದ ಕೂಲೆಂಟ್, ತೆರೆಯದ ಥರ್ಮೋಸ್ಟಾಟ್, ಸೋತ ವಾಟರ್ ಪಂಪ್ ಇವುಗಳಲ್ಲಿ ಒಂದು ಇರಬಹುದು. ಸಂಘದ ಸದಸ್ಯೆಯೊಬ್ಬರು ಪಂಪು, ರೇಡಿಯೇಟರ್ ಎರಡನ್ನೂ ಬದಲಿಸಿದ ಮೇಲೂ ಗಾಡಿ ಕಾಯುತ್ತಲೇ ಇತ್ತು. "ನಿಂತಾಗ ಮಾತ್ರ ಕಾಯುತ್ತೆ" ಎಂಬ ಒಂದು ಮಾತನ್ನು ಯಾರೂ ಅವರಿಂದ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗಿನ ನೀರು ಒತ್ತಡದಲ್ಲಿ ಇರುತ್ತದೆ, ಚಿಮ್ಮಿ ಮುಖ ಸುಡುತ್ತದೆ. ನಿಲ್ಲಿಸಿ, ಪೂರ್ತಿ ಆರಲು ಬಿಡಿ.

ಬೆಳಗಿನ ಪರೀಕ್ಷೆ

ಹಾಲು ಕರೆಯುವ ಮೊದಲು ಮೊದಲ ಧಾರೆಗಳನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡುತ್ತೀರಲ್ಲ, ಗರಣೆ ಬಂದಿದೆಯೇ ಎಂದು? ವ್ಯಾನಿಗೂ ಅಂಥದೊಂದು ಪರೀಕ್ಷೆ ಇದೆ. ರಾತ್ರಿ ನಿಲ್ಲಿಸುವಾಗ ಕೆಳಗೆ ಹಳೆಯ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಕಪ್ಪು ಅಥವಾ ಕಂದು ಜಿಡ್ಡು ಎಂಜಿನ್ ಆಯಿಲ್. ಹಸಿರು ಅಥವಾ ಕೆಂಪು ನೀರಿನಂಥದ್ದು ಕೂಲೆಂಟ್. ಇದು ಸಿಹಿಯಾಗಿರುತ್ತದೆ ಮತ್ತು ವಿಷ. ನಾಯಿ, ಕರು ನೆಕ್ಕದಂತೆ ಕೂಡಲೇ ತೊಳೆಯಿರಿ. ಚಕ್ರದ ಒಳಬದಿಯಲ್ಲಿ ತಿಳಿ ಹಳದಿ ಜಿಡ್ಡು ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದರೆ ಆ ದಿನ ಗಾಡಿ ತೆಗೆಯಲೇಬೇಡಿ.

ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆರೆದು ಒಳಬದಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಕಂಡರೆ ಆಯಿಲಿಗೆ ನೀರು ಸೇರಿದೆ ಎಂದರ್ಥ. ಚಳಿಗಾಲದಲ್ಲಿ ಬರೀ ಒಂದೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ತುಸು ಹೀಗಾಗುವುದುಂಟು. ಆದರೆ ಅಳತೆ ಕಡ್ಡಿಯ ಆಯಿಲೂ ಅದೇ ಬಣ್ಣ, ಕೂಲೆಂಟೂ ದಿನಾ ಕಡಿಮೆ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ ಎಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಕೊಳ್ಳುವ ಮೊದಲೇ ಇದು ಕಂಡರೆ ಬೆಲೆ ಚೌಕಾಸಿ ಮಾಡಬೇಡಿ, ಗಾಡಿಯನ್ನೇ ಬಿಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಇದು ಸಾಮಾನ್ಯವಾಗಿ ಸರಿಹೋಗುವಂಥದ್ದು.

ಮಾರುವವರು ಎಂಜಿನ್ ಬಿಸಿ ಮಾಡಿಟ್ಟುಕೊಂಡೇ ತೋರಿಸುವುದುಂಟು. ತಣ್ಣಗಿರುವ ಎಂಜಿನ್ನನ್ನೇ ನಿಮ್ಮೆದುರು ಸ್ಟಾರ್ಟ್ ಮಾಡಲು ಹೇಳಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಬಿಲ್ಲು ಕೇಳಿ. ಉತ್ತರ ಸಿಗದಿದ್ದರೆ ಬದಲಿಸುವ ಖರ್ಚನ್ನೂ ಬೆಲೆಯ ಜೊತೆ ಲೆಕ್ಕ ಹಾಕಿಕೊಳ್ಳಿ, ಏಕೆಂದರೆ ಅದು ತುಂಡಾದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ.

ಸ್ಟಾರ್ಟ್ ಆಗದಿದ್ದರೂ ಗಾಬರಿ ಬೇಡ, ಕಿವಿಗೊಡಿ. ಟಿಕ್ ಟಿಕ್ ಎಂದಷ್ಟೇ ಸದ್ದಾಗಿ ದೀಪ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ತುದಿಗಳಲ್ಲಿ ಬಿಳಿ-ಹಸಿರು ಉಪ್ಪು ಕಟ್ಟಿದೆ. ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಬರುತ್ತಿಲ್ಲ. ಹಿಡಿದರೂ ಗಾಡಿ ನಡುಗುತ್ತಾ ಎಳೆತ ಇಲ್ಲದಿದ್ದರೆ ಮೂರರಲ್ಲಿ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಸ್ಪಾರ್ಕ್ ಪ್ಲಗ್‌ನಿಂದ ಹುಡುಕಾಟ ಆರಂಭಿಸಲು ಹೇಳಿ, ಅದು ಅಗ್ಗದ ಭಾಗ.

ಭಾರ ಮತ್ತು ಬ್ರೇಕ್

40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲಿನ ತೂಕವೇ ಸುಮಾರು 41 ಕಿಲೋ. ಎಂಟು ಕ್ಯಾನ್ ಎಂದರೆ 330 ಕಿಲೋ ಹತ್ತಿರ, ಕ್ಯಾನಿನ ತೂಕ ಬೇರೆ. ಖಾಲಿ ಗಾಡಿಯಲ್ಲಿ ಹಿಡಿಯುವ ಬ್ರೇಕು ಆ ಭಾರದಲ್ಲಿ, ಇಳಿಜಾರಿನಲ್ಲಿ ಹಿಡಿಯುತ್ತದೆ ಎಂದು ಭಾವಿಸಬೇಡಿ. ನಿಂತ ಗಾಡಿಯಲ್ಲಿ ಬ್ರೇಕ್ ಒತ್ತಿ ಹಿಡಿದು ಮೂವತ್ತು ಎಣಿಸಿ. ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನಲ್ಲೋ ಪೈಪಿನಲ್ಲೋ ಸೋರಿಕೆ ಇದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ.

ಇನ್ನೊಂದು ಪರೀಕ್ಷೆ ನಿಮ್ಮ ಕೈಗೆ ಗೊತ್ತಿರುವುದೇ. ಕೆಚ್ಚಲಿನ ನಾಲ್ಕು ಭಾಗಗಳನ್ನು ಮುಟ್ಟಿ ಯಾವುದು ಬಿಸಿ ಎಂದು ಹೋಲಿಸುತ್ತೀರಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಮುಂದಿನವೆರಡನ್ನು ಒಂದಕ್ಕೊಂದು, ಹಿಂದಿನವೆರಡನ್ನು ಒಂದಕ್ಕೊಂದು ಹೋಲಿಸಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಟೈರಿನ ವಯಸ್ಸೂ ನೋಡಿ. ಅದರ ಪಕ್ಕದಲ್ಲಿ 2318 ಎಂಬಂತೆ ನಾಲ್ಕು ಅಂಕಿ ಇರುತ್ತವೆ, ಅದು 2018ರ 23ನೇ ವಾರದ ಟೈರು.

ಹಾಲಿನ ಗಾಡಿಗೇ ಬರುವ ಒಂದು ಕಾಯಿಲೆ ಇದೆ. ಚೆಲ್ಲಿದ ಹಾಲು ಮ್ಯಾಟಿನ ಕೆಳಗೆ ಹುಳಿತು ತಗಡನ್ನು ತಿನ್ನುತ್ತದೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ತಟ್ಟಿ. ತುಕ್ಕು ಹಿಡಿದ ಕಡೆ ಟಣ್ ಎನ್ನದೆ ಡಬ್ ಎನ್ನುತ್ತದೆ. ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ತೂತಾದ ನೆಲ, ಬಿರಿದ ಸೈಲೆನ್ಸರ್ ಪೈಪು ಎರಡೂ ಸೇರಿದರೆ ಕಾರ್ಬನ್ ಮೊನಾಕ್ಸೈಡ್ ಗಾಡಿಯ ಒಳಗೆ ಬರುತ್ತದೆ. ಈ ಅನಿಲಕ್ಕೆ ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ವ್ಯಾನಿನಲ್ಲಿ ಕೂತಾಗಲೆಲ್ಲ ತಲೆನೋವು, ವಾಕರಿಕೆ, ಇಳಿದ ಮೇಲೆ ಸರಿ ಎಂದು ಮಕ್ಕಳು ಹೇಳಿದರೆ ಪಿತ್ತ ಎಂದು ಸುಮ್ಮನಾಗಬೇಡಿ. ಸೈಲೆನ್ಸರಿನ ಸುತ್ತ ಸಿಕ್ಕಿಕೊಂಡ ಒಣ ಹುಲ್ಲನ್ನೂ ಆಗಾಗ ತೆಗೆಯಿರಿ, ಬೆಂಕಿಗೆ ಅಷ್ಟು ಸಾಕು. ಅಡುಗೆ ಸಿಲಿಂಡರಿನಿಂದ ಪೈಪ್ ಎಳೆದು ಓಡಿಸುವ ಗಾಡಿಯನ್ನು ಉಚಿತವಾಗಿ ಕೊಟ್ಟರೂ ಮನೆಗೆ ತರಬೇಡಿ.

ಕಾಗದದ ವಿಷಯ ಎರಡೇ ಮಾತು. ಬಿಳಿ ಬೋರ್ಡಿನ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮುಂದೆ ತಪಾಸಣೆಯಾಗಿ ನವೀಕರಣವಾಗಬೇಕು. ಆರ್.ಸಿ.ಯಲ್ಲಿ ಆ ತಾರೀಖು ನೋಡಿಯೇ ಹಣ ಕೊಡಿ. ಬಿಳಿ ಬೋರ್ಡಿನಲ್ಲಿ ಬಾಡಿಗೆಗೆ ಇತರರ ಹಾಲು ಸಾಗಿಸುವಂತಿಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಗಾಡಿ ದಾರಿಯಲ್ಲಿ ನಿಲ್ಲಬಹುದು. ಆಗ ಮೊದಲು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಆಮೇಲೆ ಮೆಕ್ಯಾನಿಕ್‌ಗೆ. ಕ್ಯಾನ್‌ಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿಚೀಲ ಸುತ್ತಿ, ಮುಚ್ಚಳ ತೆಗೆಯಬೇಡಿ. ಹಾಲಿಗೆ ಐಸ್ ಹಾಕಿದರೆ ನೀರು ಬೆರೆಸಿದಂತೆಯೇ, ಎಸ್.ಎನ್.ಎಫ್. ಇಳಿಯುತ್ತದೆ. ಸೋಡಾ ಹಾಕಿದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಇಡೀ ಸಂಘದ ಹಾಲು ವಾಪಸ್ ಬರುತ್ತದೆ. ಹಾಲು ಕರೆದ ಹೊತ್ತನ್ನು ಕಾರ್ಯದರ್ಶಿಗೆ ಸರಿಯಾಗಿ ಹೇಳಿ. ಬೇರೆ ಗಾಡಿ ಕಳಿಸಬೇಕೋ, ಹತ್ತಿರದ ಶೀತಲೀಕರಣ ಘಟಕಕ್ಕೆ ಸಾಗಿಸಬೇಕೋ ಎಂದು ಅವರು ಅದರ ಮೇಲೆಯೇ ತೀರ್ಮಾನಿಸುತ್ತಾರೆ.