ಫ್ಯಾನಿನ ಸದ್ದು ಅಡಗಿಸುವ ಮುನ್ನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಣ್ಣ ಕೊಟ್ಟ ನನ್ನ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹೊಂದಲಿಲ್ಲ, ಉಬುಂಟು ಹಾಕಿದೆ. ಅಂದಿನಿಂದ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಹೂಲಿಯ ನಮ್ಮ ಪಡಸಾಲೆಯಲ್ಲಿ ಮಲಗಿದವರಿಗೆಲ್ಲ ಎಚ್ಚರ. "ಅದನ್ನ ಬಂದ್ ಮಾಡೋ ತಮ್ಮಾ" ಎಂದಳು ಅವ್ವ.

ನಾನು ಒಂದು ತಂತ್ರಾಂಶ ಹಾಕಿ ಫ್ಯಾನಿನ ವೇಗವನ್ನು ತೀರಾ ಕೆಳಗಿಳಿಸಿಬಿಟ್ಟೆ. ಮನೆ ಶಾಂತವಾಯಿತು. ಆದರೆ ಲ್ಯಾಪ್‌ಟಾಪ್ ಮೊದಲು ನಿಧಾನವಾಯಿತು, ಆಮೇಲೆ ತಾನಾಗಿಯೇ ಆರಿತು. ಪ್ರಾಕ್ಟಿಕಲ್‌ಗೆ ಬರೆಯುತ್ತಿದ್ದ ಪೈಥಾನ್ ಪ್ರೋಗ್ರಾಂ ಸೇವ್ ಮಾಡಿರಲಿಲ್ಲ, ಹೋಯಿತು.

ಪ್ರೊಸೆಸರ್ ಅತಿಯಾಗಿ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗಲೂ ಶಾಖ ಇಳಿಯದಿದ್ದರೆ, ಸುಡುವ ಮೊದಲು ಯಂತ್ರ ಬಂದ್ ಆಗುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನನ್ನು ನಡೆಸುವುದು ಮದರ್‌ಬೋರ್ಡಿನ ಪುಟ್ಟ ಚಿಪ್. ಅದಕ್ಕೆ 'ಸದ್ದು ಬೇಡ', 'ವೇಗ ಬೇಕು' ಎಂದು ಹೇಳುವ ಕಂಪನಿಯ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್‌ಗೆ ಮಾತ್ರ ಇರುತ್ತದೆ; ಉಬುಂಟುವಿಗೆ ಜೊತೆಯಾಗಿ ಬರುವುದಿಲ್ಲ.

ಹಾಗಾಗಿ ಫ್ಯಾನನ್ನು ಮತ್ತೆ ಆ ಚಿಪ್ಪಿಗೇ ಬಿಟ್ಟುಕೊಟ್ಟೆ. ಎಲ್‌ಎಂ-ಸೆನ್ಸರ್ಸ್ ಹಾಕಿ ನೋಡಿದರೆ ಸುಮ್ಮನಿದ್ದಾಗಲೂ 78 ಡಿಗ್ರಿ! ಸಿಸ್ಟಮ್ ಮಾನಿಟರ್ ತೆರೆದೆ: ಮುಚ್ಚಲು ಮರೆತ ಬ್ರೌಸರ್ ಟ್ಯಾಬೊಂದು ಪ್ರೊಸೆಸರನ್ನು ದುಡಿಸುತ್ತಿತ್ತು. ಅದನ್ನು ಮುಚ್ಚಿದೆ. ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ 'ಪರ್ಫಾರ್ಮೆನ್ಸ್' ಇದ್ದುದನ್ನು (ಹಾಗೆ ಇಟ್ಟವನೂ ನಾನೇ) 'ಬ್ಯಾಲೆನ್ಸ್ಡ್' ಮಾಡಿದೆ. ಗಾಳಿಕಿಂಡಿ ಮುಚ್ಚುತ್ತಿದ್ದ ಕೌದಿಯ ಮೇಲಿಂದ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟೆ. ಅರ್ಧ ತಾಸಿನಲ್ಲಿ 52 ಡಿಗ್ರಿ.

ವಿಡಿಯೋ ಎಡಿಟ್ ಮಾಡುವಾಗ ಮಾತ್ರ ಮತ್ತೆ 'ಪರ್ಫಾರ್ಮೆನ್ಸ್' ಬೇಕು. ಆಗ ಫ್ಯಾನು ಕೂಗುತ್ತದೆ, ಕೂಗಲಿ. ಅವ್ವ ಮಲಗುವ ಮೊದಲೇ ಆ ಕೆಲಸ ಮುಗಿಸುತ್ತೇನೆ.