ಆದವಾನಿ: ಕೋಟೆಯ ಚರಿತ್ರೆ, ಪೇಟೆಯ ಚರಿತ್ರೆ

ಬಳ್ಳಾರಿಯ ಈಶಾನ್ಯಕ್ಕೆ, ಎರೆಮಣ್ಣಿನ ಬಯಲಿನಲ್ಲಿ ಎದ್ದುನಿಂತ ಕಲ್ಲುಬೆಟ್ಟಗಳ ಬುಡದಲ್ಲಿರುವ ಊರು ಆದವಾನಿ. ಆದೋನಿ ಎಂದೂ ಕರೆಯಲ್ಪಡುವ ಈ ಊರು ಇಂದು ಆಂಧ್ರಪ್ರದೇಶಕ್ಕೆ ಸೇರಿದೆ. ಇದರ ಚರಿತ್ರೆಯನ್ನು ಅರಿಯಲು ಬೆಟ್ಟದ ಮೇಲಿನ ಕೋಟೆಯನ್ನೂ ಕೆಳಗಿನ ಪೇಟೆಯನ್ನೂ ಒಟ್ಟಿಗೆ ನೋಡಬೇಕು.

ವಿಜಯನಗರದ ಕಾಲದಲ್ಲಿ ಆದವಾನಿ ಬಲವಾದ ಗಿರಿದುರ್ಗವಾಗಿತ್ತು. 1565ರ ಯುದ್ಧದ ಮೂರು ವರ್ಷಗಳ ತರುವಾಯ ಅದು ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಅವರ ಅಧಿಕಾರಿ ಸಿದ್ದಿ ಮಸೂದ್ ಖಾನನು ಇಲ್ಲಿ ಜಾಮಿಯಾ ಮಸೀದಿಯನ್ನು ಕಟ್ಟಿಸಿದನು. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ದತ್ತಿಯಾಗಿ ಕೊಟ್ಟವನೂ ಇವನೇ ಎಂಬುದು ಮಠದ ಸಂಪ್ರದಾಯ. ಅನಂತರ ಮೊಘಲರು, ನಿಜಾಮನ ಮನೆತನದವರು ಆಳಿದರು. 1786ರಲ್ಲಿ ಟಿಪ್ಪು ಸುಲ್ತಾನನು ಮುತ್ತಿಗೆ ಹಾಕಿ ಗೆದ್ದು ಕೋಟೆಯ ಗೋಡೆಗಳನ್ನು ಕೆಡವಿಸಿದನು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಅಲ್ಲಿಗೆ ಕೋಟೆಯ ಕೆಲಸ ಮುಗಿಯಿತು.

ಪೇಟೆಯ ಕೆಲಸ ಮುಗಿಯಲಿಲ್ಲ. ಎರೆಭೂಮಿ ಹತ್ತಿಯನ್ನು ಬೆಳೆಯಿತು. ಹತ್ತಿ ನೇಕಾರರನ್ನೂ ವರ್ತಕರನ್ನೂ ಸಾಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು–ಮುಂಬಯಿ ರೈಲುಮಾರ್ಗ ಈ ಊರನ್ನು ಹಾಯ್ದುಹೋದ ಮೇಲೆ ಅರಳೆಯ ವ್ಯಾಪಾರ ದೂರದ ಬಂದರುಗಳವರೆಗೆ ಚಾಚಿತು.

ಈ ಎರಡು ಚರಿತ್ರೆಗಳೂ ಆಡುಮಾತಿನಲ್ಲಿ ಗುರುತು ಉಳಿಸಿವೆ. ಜಹಗೀರು, ತಾಲೂಕು, ಜಮಾಬಂದಿ ಮುಂತಾದ ಶಬ್ದಗಳು ಆಳಿಕೆಯೊಡನೆ ಬಂದವು. ದಲಾಲಿ, ರಸೀದಿ ಎಂಬವು ವ್ಯವಹಾರದಲ್ಲಿ ನೆಲೆಯೂರಿದವು. ಹತ್ತಿ, ಅರಳೆ, ನೂಲು, ಮಗ್ಗ ಎಂಬ ದೇಶ್ಯಪದಗಳು ದುಡಿಯುವವರ ಬಾಯಲ್ಲಿ ಉಳಿದವು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಬಂದಿತು. ಈ ಬಾರಿ ಯುದ್ಧ ನಡೆಯಲಿಲ್ಲ, ಗೋಡೆ ಬೀಳಲಿಲ್ಲ. ಆದರೂ ಕನ್ನಡಿಗರ ಮಟ್ಟಿಗೆ ಹಿಂದಿನ ಮುತ್ತಿಗೆಗಳಿಗಿಂತ ಇದರ ಪರಿಣಾಮ ಆಳವಾದುದು. ಹಳೆಯ ದೊರೆಗಳು ಬದಲಾದಾಗ ಮನೆಯ ಮಾತಿಗೂ ಸಂತೆಯ ಮಾತಿಗೂ ಧಕ್ಕೆ ಒದಗಿದ್ದು ಕಡಿಮೆ. ಶಾಲೆ, ಕಚೇರಿ, ಉದ್ಯೋಗಗಳು ಒಂದೇ ರಾಜ್ಯಭಾಷೆಯನ್ನು ನೆಚ್ಚಿದಾಗ ಮಕ್ಕಳ ಓದಿನ ಭಾಷೆಯೇ ಬದಲಾಗುತ್ತದೆ.

ಆದವಾನಿಯ ಕೋಟೆ ಬಳಕೆ ತಪ್ಪಿ ಪಾಳುಬಿದ್ದಿತು. ಪೇಟೆ ಬಳಕೆಯಿಂದ ಬದುಕಿತು. ಗಡಿಯಾಚೆಯ ಕನ್ನಡದ ಅಳಿವು ಉಳಿವುಗಳನ್ನು ಅಭ್ಯಸಿಸುವವರು ಮೊದಲು ಗಮನಿಸಬೇಕಾದ ಸೂತ್ರವೂ ಇದೇ.

ಅಭ್ಯಾಸಕ್ಕೆ: ನಿಮ್ಮ ಊರಿನ ಸಂತೆಯಲ್ಲಿ ಅಳತೆ, ತೂಕ, ದರಗಳಿಗೆ ಬಳಕೆಯಲ್ಲಿರುವ ಹತ್ತು ಶಬ್ದಗಳನ್ನು ಸಂಗ್ರಹಿಸಿ, ದೇಶ್ಯ ಮತ್ತು ಅನ್ಯದೇಶ್ಯ ಎಂದು ವಿಂಗಡಿಸಿರಿ.