ಪೆನ್ಷನ್ ಬಂದ ಮೇಲಿನ ರಮ್ಮು

ನಮ್ಮ ಹುಮನಾಬಾದ್, ಬಸವಕಲ್ಯಾಣದ ಕಡೆ ಫೌಜಿಯ ಕುಡಿತದ ಬಗ್ಗೆ ಎರಡು ಮಾತು ಖಾಯಂ. ಒಂದು, ‘ಅಲ್ಲಿ ಥಂಡಿ ಭಾಳರಿ, ಕುಡೀಲಿಲ್ಲಂದ್ರ ಜೀವ ಉಳಿಯಲ್ಲ.’ ಇನ್ನೊಂದು, ‘ಪುಕ್ಕಟೆ ಸಿಗ್ತದ, ಅದಕ್ಕ ಕುಡೀತಾರ.’ ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ, ಹವಾಲ್ದಾರನಾಗಿ ಪೆನ್ಷನ್ ಬಂದು, ಈಗ ಹುಮನಾಬಾದಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಂಪೌಂಡರ್ ಕೆಲಸ ಮಾಡುವ ನನಗೆ ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ.

ಥಂಡಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ರಮ್ ಕುಡಿದರೆ ಮೈ ಬೆಚ್ಚಗಾಗುವುದಿಲ್ಲ, ಬೆಚ್ಚಗಾದಂತೆ ಅನಿಸುತ್ತದೆ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಸೋರುತ್ತದೆ. ಮುಖ ಬಿಸಿ, ಒಡಲು ತಣ್ಣಗೆ. ಎತ್ತರದ ಜಾಗದಲ್ಲಿ ಮೊದಲೇ ಗಾಳಿ ತೆಳು, ಅದರ ಮೇಲೆ ಮದ್ಯ ನಿದ್ದೆಯಲ್ಲಿ ಉಸಿರನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಇನ್ನು ಪುಕ್ಕಟೆಯ ಮಾತು. ಕ್ಯಾಂಟೀನಿನ ಬಾಟಲಿ ಅಗ್ಗ ಅಷ್ಟೆ, ಅದಕ್ಕೂ ರ‍್ಯಾಂಕಿನ ಮೇಲೆ ತಿಂಗಳ ಕೋಟಾ ಇದೆ.

ಹಾಗಾದರೆ ಯಾಕೆ ಕುಡಿಯುತ್ತಾರೆ? ಪಲ್ಟನ್‌ನ ದವಾಖಾನೆಯಾದ ಎಂಐ ರೂಮಿನಲ್ಲಿ ಸಿಕ್ ರಿಪೋರ್ಟ್ ಮಾಡಲು ಸಾಲು ನಿಲ್ಲುವ ಜವಾನರಿಂದ ನಾನು ಕೇಳಿದ ದೂರು ಗುಂಡಿನದ್ದಲ್ಲ, ನಿದ್ದೆಯದ್ದು. ಎರಡು ತಾಸು ಸೆಂಟ್ರಿ, ಮತ್ತೆ ಮಲಗು, ಮತ್ತೆ ಏಳು. ತಿಂಗಳುಗಟ್ಟಲೆ ಹೀಗೆ ನಡೆದರೆ ದೇಹ ರಾತ್ರಿಯನ್ನು ಮರೆಯುತ್ತದೆ. ರಜೆಗೆ ಬಂದರೂ ಎರಡು ಗಂಟೆಗೆ ಕಣ್ಣು ತೆರೆಯುತ್ತದೆ. ಆಮೇಲೆ ಮನೆಯ ಚಿಂತೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ನಮ್ಮ ಭಾಗದ ಹುಡುಗ ಅಷ್ಟೂ ರಜೆಯನ್ನು ತಹಶೀಲ್ ಕಚೇರಿಯ ಬಾಗಿಲಲ್ಲೇ ಕಳೆಯುತ್ತಾನೆ. ಹೊಲದ ಬಾಂದ ಒತ್ತಿದ ಭಾಗಾದಾರ, ಪಹಣಿಯಲ್ಲಿ ತಪ್ಪಿದ ಹೆಸರು, ಅಣ್ಣತಮ್ಮರ ಹಿಸ್ಸೆ. ಗಡಿಯಲ್ಲಿರುವ ಸೈನಿಕ ಕೋರ್ಟಿಗೆ ಬರಲಾಗದಿದ್ದಾಗ ಅವನ ಬೆನ್ನ ಹಿಂದೆ ತೀರ್ಪಾಗಬಾರದೆಂದು 1925ರಲ್ಲೇ ಒಂದು ಕಾಯ್ದೆ ಬಂದಿದೆ. ಅಂದರೆ ಈ ಕಾಯಿಲೆ ನೂರು ವರ್ಷ ಹಳೆಯದು. ಹೊಸದು ಮೊಬೈಲ್. ಮೊದಲು ಮನೆಯ ಜಗಳ ಪತ್ರದಲ್ಲಿ ಬರುತ್ತಿತ್ತು, ಪತ್ರ ತಲುಪುವ ಹೊತ್ತಿಗೆ ಅತ್ತೆ ಸೊಸೆ ಒಂದಾಗಿರುತ್ತಿದ್ದರು. ಈಗ ಪೋಸ್ಟ್ ಮೇಲೆ ನಿಂತವನ ಕಿವಿಗೆ ಜಗಳ ನಡೆಯುತ್ತಿರುವಾಗಲೇ ಬಂದು ಬೀಳುತ್ತದೆ. ಕೇಳಬಹುದು, ಏನೂ ಮಾಡಲಾಗದು.

ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್‌ನ ಒಂದು ಅಧ್ಯಯನ 2021ರ ಜನವರಿಯಲ್ಲಿ ಸುದ್ದಿಯಾಯಿತು. ಸೇನೆಯ ಅರ್ಧಕ್ಕಿಂತ ಹೆಚ್ಚು ಜನ ತೀವ್ರ ಒತ್ತಡದಲ್ಲಿದ್ದಾರೆ ಎಂದಿತ್ತು ಅದು. ಕೆಲವೇ ನೂರು ಜನರನ್ನು ಕೇಳಿ ಇಡೀ ಸೇನೆಯ ಬಗ್ಗೆ ಹೇಳಲಾಗದು ಎಂದು ಸೇನೆಯ ಕಡೆಯವರು ತಳ್ಳಿಹಾಕಿದರು. ಅರ್ಧವೋ ಕಾಲುಭಾಗವೋ, ನಾನು ಆ ವಾದಕ್ಕೆ ಹೋಗುವುದಿಲ್ಲ. ನಾನು ನೋಡಿದ್ದು ಬೇರೆ. ಪಲ್ಟನ್‌ನಲ್ಲಿ ಕುಡಿತಕ್ಕೆ ಸುತ್ತಲೂ ಬೇಲಿ ಇರುತ್ತದೆ. ವಾರದಲ್ಲಿ ಇಂಥ ದಿನ, ಇಷ್ಟೇ ಹೊತ್ತು, ಅಳತೆಯ ಪೆಗ್ಗು. ಬೆಳಿಗ್ಗೆ ಪಿಟಿ, ಸಂಜೆ ರೋಲ್ ಕಾಲ್. ಕುಡಿದು ಸಿಕ್ಕರೆ ಸೇನಾ ಕಾಯ್ದೆಯ 48ನೇ ಕಲಮು, ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ. ಮಗ್ಗುಲ ಚಾರ್‌ಪಾಯಿಯವನಿಗೆ ಇವನ ಕೈ ನಡುಗುವುದು ಇವನಿಗಿಂತ ಮೊದಲು ಗೊತ್ತಾಗುತ್ತದೆ.

ಆ ಬೇಲಿಗೆ ಇನ್ನೊಂದು ಮುಖವೂ ಇದೆ. ಸೈನಿಕನ ದೇಹವನ್ನು ಸೇನೆ ಶೇಪ್ ಎಂಬ ಐದು ಅಕ್ಷರದಲ್ಲಿ ಅಳೆಯುತ್ತದೆ. ಮೊದಲ ಅಕ್ಷರ ಮನಸ್ಸಿನದು. ಅಲ್ಲಿ ಒಂದು ದರ್ಜೆ ಇಳಿದರೆ ಲೋ ಮೆಡಿಕಲ್ ಕೆಟಗರಿ, ಪ್ರಮೋಷನ್ ನಿಲ್ಲಬಹುದು. ‘ನಿದ್ದೆ ಬರಲ್ಲ ಸಾಬ್’ ಅನ್ನುವವನು ‘ಎದಿ ಡವಡವ ಅಂತದ, ಮನ್ಯಾಗ ಯಾರ್ನಾರ ಹೊಡೀತೀನೇನೋ ಅಂಜಿಕಿ ಆಗ್ತದ’ ಅನ್ನುವುದೇ ಇಲ್ಲ. ನಾಯಕ್ ಆಗುವವರೆಗೆ ತಡೆಯೋಣ, ಹವಾಲ್ದಾರ್ ಆಗುವವರೆಗೆ ತಡೆಯೋಣ. ಹದಿನೈದು ವರ್ಷ ತುಂಬಿದರೆ ಪೆನ್ಷನ್ ಗಟ್ಟಿ. ಮೂವತ್ತೈದು, ನಲವತ್ತರ ಹೊತ್ತಿಗೆ ಕಪ್ಪು ಟ್ರಂಕು ಹೊತ್ತು ಹುಮನಾಬಾದ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ. ಬೇಲಿ ಅಲ್ಲೇ ಉಳಿಯಿತು, ಒತ್ತಡ ಮಾತ್ರ ಜೊತೆಗೆ ಬಂತು.

ಊರು ಅವನನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಯಾವ ಡಾಕ್ಟರೂ ಬರೆದದ್ದು ನಾನು ಓದಿಲ್ಲ. ಮೊದಲ ವಾರ ಹಾರ, ಶಾಲು. ಎರಡನೆಯ ವಾರದಿಂದ, ‘ಫೌಜಿ ಕಾಕಾ, ಒಂದ್ ಬಾಟ್ಲಿ ಕೊಡಿಸ್ರಲ್ಲ.’ ಮದುವೆಗೆ ಬಾಟಲಿ, ಲೈನ್‌ಮನ್‌ಗೆ ಬಾಟಲಿ, ಮೋಜಣಿ ಮಾಡುವವನಿಗೆ ಬಾಟಲಿ. ಸಕ್ಕರೆ ಕಾರ್ಖಾನೆಯ ಚೀಟಿ ಬೇಗ ಸಿಗಬೇಕಾದರೂ ಬಾಟಲಿ. ಕ್ಯಾಂಟೀನ್ ಮಾಲಿಗೆ ಇಲ್ಲಿ ನೋಟಿಗಿಂತ ಹೆಚ್ಚು ಬೆಲೆ. ಹೀಗಾಗಿ ಮನೆಯ ಅಲಮಾರಿನಲ್ಲಿ ಸದಾ ಮೂರು ನಾಲ್ಕು ನಿಂತಿರುತ್ತವೆ. ಕುಡಿಯುವುದು ಪೆಗ್ಗಿನ ಗ್ಲಾಸಿನಲ್ಲಲ್ಲ, ಚಹಾ ನೀರು ಮಜ್ಜಿಗೆ ಎಲ್ಲಕ್ಕೂ ನಡೆಯುವ ಸ್ಟೀಲ್ ಗ್ಲಾಸಿನಲ್ಲಿ. ಮೂವತ್ತು ಮಿಲಿ ರಮ್ಮಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಆ ಸ್ಟೀಲ್ ಗ್ಲಾಸಿನ ಅರ್ಧಕ್ಕೆ ಎಷ್ಟು ಮೂವತ್ತು ಹಿಡಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನಾನು ಒಮ್ಮೆ ಸಿರಿಂಜಿನಿಂದ ಅಳೆದು ತೋರಿಸಿದೆ. ನಾಲ್ಕು ತುಂಬಿ ಮೇಲೆ ಸ್ವಲ್ಪ ಉಳಿಯಿತು. ‘ಎರಡೇ ಪೆಗ್’ ಎನ್ನುತ್ತಿದ್ದ ಮನುಷ್ಯ ಸುಮ್ಮನಾದ.

ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಯ ಹವಾಲ್ದಾರನ ಕತೆ ಹೇಳಬೇಕು. ಹೆಸರು ಬೇಡ. ಇನ್‌ಫೆಂಟ್ರಿಯವನು, ಕಾಶ್ಮೀರದಲ್ಲಿ ಬಹಳ ಕಾಲ ಇದ್ದವನು. ಕುಡಿತ ಬೆಳಗಿನ ಚಹಾಕ್ಕಿಂತ ಮುಂಚೆ ಬಂದಿತ್ತು. ಮನೆಯವರೆಲ್ಲ ಕೂಡಿ ಪಂಢರಪುರಕ್ಕೆ ಕರೆದೊಯ್ದು ತುಳಸಿ ಮಾಲೆ ಹಾಕಿಸಿದರು. ನಮ್ಮ ಗಡಿ ಸೀಮೆಯಲ್ಲಿ ಇದು ದೊಡ್ಡ ಆಣೆ. ಮಾಲೆ ಕೊರಳಿಗೆ ಬಿದ್ದರೆ ಮಾಂಸ ಇಲ್ಲ, ಮದ್ಯ ಇಲ್ಲ. ಎಷ್ಟೋ ಮನೆ ಆ ಮಾಲೆಯಿಂದ ಉಳಿದಿವೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಇವನೂ ಪ್ರಾಮಾಣಿಕವಾಗಿ ಬಿಟ್ಟ. ಮೂರನೆಯ ರಾತ್ರಿ ಅವನ ಹೆಂಡತಿಯ ಫೋನು. ‘ಅಣ್ಣಾರ, ಇವ್ರು ನಮ್ಮನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಂಡಾರ. ಯಾರ ಜೋಡಿ ಮಾತಾಡ್ಲತ್ತಾರೋ ಗೊತ್ತಾಗವಲ್ದು.’

ಹೋದಾಗ ಪಡಸಾಲೆಯಲ್ಲಿ ಅರ್ಧ ಊರು. ವಿಠೋಬನ ವ್ರತ ಮುರಿದಿದ್ದಾನೆ, ಅದಕ್ಕೆ ಕಾಟ ಎಂದು ಒಬ್ಬರು. ಕಾಶ್ಮೀರದಲ್ಲಿ ಸತ್ತವನ ಗಾಳಿ ಎಂದು ಇನ್ನೊಬ್ಬರು. ಬಾಗಿಲ ಸಂದಿನಿಂದ ನೋಡಿದೆ. ಜೋಳದ ಚೀಲಗಳ ಹಿಂದೆ ಒಂದು ಮಂಡಿ ಊರಿ ಕೂತಿದ್ದ, ಕೈಯಲ್ಲಿ ಎತ್ತು ಹೊಡೆಯುವ ಬಡಿಗೆ, ಹೆಗಲಿಗೆ ಸರಿಯಾಗಿ ಒತ್ತಿ ಹಿಡಿದದ್ದು. ಬನಿಯನ್ ಬೆವರಿನಲ್ಲಿ ತೊಯ್ದಿತ್ತು. ಎಡಗೈ ಆಗಾಗ ಗಾಳಿಯಲ್ಲಿ ಇಲ್ಲದ ಎಳೆ ಹಿಡಿದು ಜಗ್ಗುತ್ತಿತ್ತು. ನನ್ನ ನೆರಳು ಅಲುಗಿದ್ದೇ ತಡ ಕೂಗಿದ, ‘ಥಮ್! ಕೌನ್ ಆತಾ ಹೈ?’

ಸೆಂಟ್ರಿಯ ಆ ಕೂಗಿಗೆ ಒಂದೇ ಉತ್ತರ ಇರುವುದು. ‘ದೋಸ್ತ್’ ಎಂದೆ. ಕೈ ಮೇಲೆ ಮಾಡು ಎಂದ, ಮಾಡಿದೆ. ನಂಬರು, ರ‍್ಯಾಂಕು, ಹೆಸರು ಹೇಳಿದೆ. ಮುಂದೆ ಬಾ ಎಂದ. ಚಿಲಕ ಅವನೇ ತೆಗೆದ. ನಾಡಿ ಮುಟ್ಟಿದರೆ ಎಣಿಸಲಾಗದಷ್ಟು ಓಟ.

ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಪುಣೆಯ ಸೇನಾ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಇಂಥವರ ಹಾಸಿಗೆಯ ಪಕ್ಕ ರಾತ್ರಿ ಕೂತಿದ್ದೇನೆ. ವರ್ಷಗಟ್ಟಲೆ ದಿನವೂ ಕುಡಿದ ಮಿದುಳು ಮದ್ಯ ಇದೆ ಎಂದೇ ಲೆಕ್ಕ ಹಾಕಿ ತನ್ನನ್ನು ತಾನು ಜೋರಾಗಿ ಓಡಿಸುತ್ತಿರುತ್ತದೆ. ಮದ್ಯ ತಟ್ಟನೆ ತೆಗೆದರೆ ಆ ಓಟಕ್ಕೆ ತಡೆ ಇಲ್ಲ. ಮೊದಲ ದಿನ ನಡುಕ, ಬೆವರು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಈ ಭ್ರಮೆ. ಚಿಕಿತ್ಸೆ ಇಲ್ಲದಿದ್ದರೆ ಸಾಯುವವರೂ ಇದ್ದಾರೆ. ಅವನಿಗೆ ಹೀಗಾದದ್ದು ವ್ರತ ಮುರಿದದ್ದಕ್ಕಲ್ಲ, ಪಾಲಿಸಿದ್ದಕ್ಕೆ. ಇದನ್ನು ಪಡಸಾಲೆಯಲ್ಲಿ ಕೂತವರಿಗೆ ಹೇಳಿ ನಂಬಿಸುವಷ್ಟರಲ್ಲಿ ನನಗೇ ಬೆವರು ಬಂತು.

ಊರಿನ ಆರ್‌ಎಂಪಿ ಗ್ಲೂಕೋಸ್ ಬಾಟಲಿ ತೂಗುಹಾಕಲು ತಯಾರಾಗಿದ್ದರು. ಕುಡುಕನ ಮೈಯಲ್ಲಿ ಬಿ1 ಜೀವಸತ್ವ ಬತ್ತಿರುತ್ತದೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಖಾಯಂ ಪೆಟ್ಟು ಬೀಳಬಹುದು. ಅದನ್ನು ತಡೆದು, ಪಕ್ಕದ ಮನೆಯ ಬೊಲೆರೊದಲ್ಲಿ ಬೀದರಿಗೆ ಒಯ್ದೆವು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ಬಂಕರ್ ತೋರಿಸುತ್ತಿದ್ದ. ಅವು ಹೆದ್ದಾರಿ ಬದಿಯ ಧಾಬಾಗಳು. ಆಸ್ಪತ್ರೆಯಲ್ಲಿ ಲೊರಾಜೆಪಾಮ್, ಥಯಾಮಿನ್, ಮಂದ ಬೆಳಕಿನ ಕೋಣೆ. ಭ್ರಮೆ ಇಳಿದ ಮೇಲೆ ಅವನಿಗೆ ಏನೊಂದೂ ನೆನಪಿರಲಿಲ್ಲ. ಕೊರಳ ಮಾಲೆ ಮುಟ್ಟಿ ನೋಡಿಕೊಂಡು, ‘ಹಾಂ, ಅದ’ ಎಂದ.

ಆಮೇಲೆ ನಾನು ಫೌಜಿಗಳ ಹೆಂಡಂದಿರಿಗೆ ಮೊದಲು ಕೇಳುವುದು ಒಂದೇ. ಬೆಳಿಗ್ಗೆ ಅವರಿಗೆ ಚಹಾ ಬಸಿಯಲ್ಲಿ ಕೊಡ್ರಿ, ಚೆಲ್ಲದೆ ಕುಡೀತಾರೇನು? ಚೆಲ್ಲದಿದ್ದರೆ ಆಣೆ, ಮಾಲೆ, ಜೋಳಿಗೆ ಎಲ್ಲವೂ ಕೆಲಸ ಮಾಡಬಹುದು. ಇಳಕಲ್ಲಿನ ಮಹಾಂತ ಅಪ್ಪಗಳು ಮನೆಮನೆಗೆ ಜೋಳಿಗೆ ಹಿಡಿದು ದುಶ್ಚಟದ ಭಿಕ್ಷೆ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರನ್ನೂ ಬಲ್ಲೆ. ಆದರೆ ಬಸಿಯಲ್ಲಿ ಚಹಾ ಚೆಲ್ಲಿದರೆ ಮೊದಲು ಡಾಕ್ಟರು, ಆಮೇಲೆ ದೇವರು. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯಂತೂ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಅದರ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಅದೇ ಗುಳಿಗೆ ಅವನಿಗೆ ತಿಳಿಸಿ, ಡಾಕ್ಟರು ಬರೆದುಕೊಟ್ಟು, ಹೆಂಡತಿಯ ಎದುರಿಗೆ ನುಂಗಿದರೆ ಔಷಧ.

ಹವಾಲ್ದಾರನಿಗೆ ಈ ಕೊನೆಯದು ಹೊಂದಿತು. ‘ಮೆಡಿಸಿನ್ ಪರೇಡ್’ ಎಂದು ಹೆಸರಿಟ್ಟ. ಆರು ಗಂಟೆಗೆ ಹೆಂಡತಿ ಗುಳಿಗೆ ಕೊಡಬೇಕು, ಇವನು ನುಂಗಿ ಬಾಯಿ ತೆರೆದು ತೋರಿಸಬೇಕು. ಕಳೆದುಹೋದ ಬೇಲಿಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದ.

ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಬೆನ್ನುಹತ್ತಿ ನೋಡಿದರು. ಮನೆಗೆ ಮರಳಿದ ಮೇಲೆ ಬಹುಪಾಲು ಜನ ಮತ್ತೆ ಆ ಚಟಕ್ಕೆ ಬೀಳಲಿಲ್ಲ, ಅದನ್ನು ಎಬ್ಬಿಸುತ್ತಿದ್ದ ಜಾಗ, ಗೆಳೆಯರು, ಭಯ ಎಲ್ಲ ದೂರವಾಗಿದ್ದವು. ನಮ್ಮಲ್ಲಿ ಇದು ತಿರುಗಾಮುರುಗಾ. ನಮ್ಮವನು ಅಲ್ಲಿ ಅಳತೆಯಲ್ಲಿ ಕುಡಿದು, ಮನೆಯಲ್ಲಿ ಅಳತೆ ತಪ್ಪುತ್ತಾನೆ. ಹಾಗಾಗಿ ಅವನನ್ನು ಊರಿನಿಂದ ದೂರ ಒಯ್ದು ತಿಂಗಳು ಕೂಡಿಹಾಕಿ ತಂದರೆ ಪ್ರಯೋಜನ ಕಡಿಮೆ. ಬದಲಾಗಬೇಕಾದದ್ದು ಅಲಮಾರು, ಕಟ್ಟೆ, ಸಂಜೆ ಏಳು ಗಂಟೆ.

ಇಷ್ಟೆಲ್ಲ ಆಗಿಯೂ ಎಳ್ಳಮಾಸಿಯ ದಿನ ಅವನು ಮತ್ತೆ ಕುಡಿದ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಉಂಡು ಎಲ್ಲರೂ ಗಿಡದ ಕೆಳಗೆ ಅಡ್ಡಾದಾಗ ಯಾರೋ ಬಾಟಲಿ ಬಿಚ್ಚಿದರು. ಮಾಲೆ ತೆಗೆದು ಜೇಬಿನಲ್ಲಿಟ್ಟುಕೊಂಡು ಕುಡಿದನಂತೆ. ಊರವರು ಮುಗೀತು ಎಂದರು. ಮುಗಿಯಲಿಲ್ಲ. ಚಟ ಮರುಕಳಿಸುವುದು ಕಾಯಿಲೆಯ ಭಾಗ, ಬಿಪಿಯವನು ಒಂದು ದಿನ ಉಪ್ಪಿನಕಾಯಿ ತಿಂದಂತೆ. ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬರುವ ಏರ್ಪಾಡು ಕರ್ನಾಟಕದಲ್ಲಿ 2014ರಿಂದ ಇದೆ. ಜಿಲ್ಲೆಯ ಮಟ್ಟದಲ್ಲಿ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದೂ ನಮ್ಮದೇ ಭಾಗದ ಬಳ್ಳಾರಿಯಲ್ಲಿ. ಆದರೂ ಇಲ್ಲಿನ ಫೌಜಿಗಳಿಗೆ ವೈನ್ ಶಾಪಿನ ಬಾಗಿಲು ತೆರೆಯುವ ಹೊತ್ತು ಗೊತ್ತು, ಮಂಗಳವಾರ ಗೊತ್ತಿಲ್ಲ. ಬರಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಸೇನೆಯವರಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) 2023ರ ಡಿಸೆಂಬರ್‌ನಲ್ಲಿ ಅದರ ಒಂದು ಕೋಶ ಶುರುವಾಯಿತು.

ಬಸವಕಲ್ಯಾಣಕ್ಕೆ ಬರುವ ಯಾತ್ರಿಕರಿಗೆ ಅನುಭವ ಮಂಟಪದ ಕತೆ ಹೇಳುವವರು ಹೆಂಡದ ಮಾರಯ್ಯನನ್ನು ಬಿಟ್ಟುಬಿಡುತ್ತಾರೆ. ಹೆಂಡ ಮಾರುವ ಕಾಯಕದವನು, ಧರ್ಮೇಶ್ವರಲಿಂಗ ಎಂಬ ಅಂಕಿತದ ಅವನ ಕೆಲವು ವಚನ ಉಳಿದಿವೆ. ಹೆಂಡ ಮಾರುವವನಿಗೂ ಕೂರಲು ಜಾಗ ಕೊಟ್ಟ ಊರಿನಲ್ಲಿ, ಕುಡಿತದಿಂದ ಎದ್ದು ಬಂದ ಫೌಜಿಗೆ ಕಟ್ಟೆಯ ಮೇಲೆ ಯಾರೂ ಜಾಗ ಬಿಡುವುದಿಲ್ಲ. ಹವಾಲ್ದಾರನಿಗೆ ಹಳೆಯ ಗೆಳೆಯರು ತಪ್ಪಿದರು, ಹೊಸಬರು ಇನ್ನೂ ಸಿಕ್ಕಿಲ್ಲ. ಸಂಜೆ ಎಮ್ಮೆ ಹಿಂಡಿ ಡೈರಿಗೆ ಹಾಲು ಹಾಕಿ ಬರುತ್ತಾನೆ, ಏಳಕ್ಕೆ ನನಗೆ ಫೋನ್ ಮಾಡಿ ‘ಹಾಜರ್’ ಅನ್ನುತ್ತಾನೆ. ಕೆಲವು ದಿನ ಅನ್ನುವುದಿಲ್ಲ, ಆಗ ನಾನೇ ಮಾಡುತ್ತೇನೆ.

ಈಗ ನನ್ನ ಚಿಂತೆ ಅವನದಲ್ಲ, ಅಗ್ನಿವೀರರಾಗಿ ಹೋದ ಹುಡುಗರದು. ಅಗ್ನಿಪಥ ಯೋಜನೆ ಸಾರಿದ್ದು 2022ರ ಜೂನ್‌ನಲ್ಲಿ; ಮೊದಲ ತಂಡ ಆ ವರ್ಷದ ಕೊನೆ, ಮುಂದಿನ ವರ್ಷದ ಆರಂಭದ ಹೊತ್ತಿಗೆ ತರಬೇತಿಗೆ ಸೇರಿತು. ನಾಲ್ಕು ವರ್ಷ ಮುಗಿದಾಗ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ ಉಳಿಯುತ್ತಾನೆ, ಮಿಕ್ಕವರು ಇಪ್ಪತ್ತರ ಹರೆಯದಲ್ಲೇ ಊರಿಗೆ. ಕೈಯಲ್ಲಿ ಸುಮಾರು 11.71 ಲಕ್ಷದ ಸೇವಾ ನಿಧಿ. ಪೆನ್ಷನ್ ಇಲ್ಲ, ಕ್ಯಾಂಟೀನ್ ಇಲ್ಲ, ನಮ್ಮಂಥವರಿಗೆ 2003ರಿಂದ ಇರುವ ಇಸಿಎಚ್‌ಎಸ್ ಚಿಕಿತ್ಸೆಯೂ ಇಲ್ಲ. ಕಣ್ಣು ರಾತ್ರಿ ಎರಡಕ್ಕೆ ತೆರೆಯುವ ಅಭ್ಯಾಸ ಮಾತ್ರ ನಾಲ್ಕೇ ವರ್ಷದಲ್ಲೂ ಆಗುತ್ತದೆ. ಇಬ್ಬರು ಹುಡುಗರ ಅಪ್ಪಂದಿರು ಈಗಲೇ ಕೇಳುತ್ತಿದ್ದಾರೆ, ಬಂದ ಮೇಲೆ ಏನ್ ಮಾಡಬೇಕ್ರಿ ಅಂತ. ಡೈರಿಯವನ ಜೊತೆ ಮಾತಾಡಿದ್ದೇನೆ, ಎರಡು ಎಮ್ಮೆಗೆ ಸಾಲ ಸಿಗಬಹುದು. ಮಂಗಳವಾರದ ವಿಷಯವನ್ನೂ ಹೇಳಿದ್ದೇನೆ.